ಟೆನೆಟ್ ಅರ್ಥವಾಗಬೇಕಾದರೆ ಯಾರ ಗಡಿಯಾರ ನೋಡಬೇಕು?

ಕ್ರಿಸ್ಟೋಫರ್ ನೋಲನ್ ಅವರ ‘ಟೆನೆಟ್’ ನೋಡಿ ಬಂದವರನ್ನು ಕೇಳಿ ನೋಡಿ. ವಿಮಾನ ಕಟ್ಟಡಕ್ಕೆ ನುಗ್ಗಿದ್ದು ಸೂಪರ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಪಲ್ಟಿಯಾಗಿ ಬಿದ್ದಿದ್ದ ಕಾರು ತಾನಾಗಿಯೇ ಎದ್ದು ಹಿಂದಕ್ಕೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ ಅನ್ನುತ್ತಾರೆ. ಆದರೆ ಆ ಕಾರಿನಲ್ಲಿ ಯಾರಿದ್ದರು, ಅವರು ಅಲ್ಲಿಗೆ ಬಂದದ್ದು ಯಾಕೆ ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಚಿತ್ರದ ಶುರುವಿನಲ್ಲೇ ಒಬ್ಬ ವಿಜ್ಞಾನಿ ನಾಯಕನಿಗೆ ಒಂದು ಮಾತು ಹೇಳುತ್ತಾಳೆ: ಇದನ್ನು ಅರ್ಥ ಮಾಡಿಕೊಳ್ಳಲು ಹೋಗಬೇಡ, ಅನುಭವಿಸು. ಪ್ರೇಕ್ಷಕರಲ್ಲಿ ಸುಮಾರು ಜನ ಇದನ್ನು ತಮಗೇ ಹೇಳಿದ ಮಾತು ಅಂದುಕೊಂಡು ಪ್ರಯತ್ನ ಬಿಟ್ಟುಬಿಡುತ್ತಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಈ ಚಿತ್ರ ಅರ್ಥವಾಗುತ್ತದೆ, ಮುಕ್ಕಾಲು ಪಾಲು ಬಹಳ ಸ್ಪಷ್ಟವಾಗಿಯೇ ಅರ್ಥವಾಗುತ್ತದೆ. ಅರ್ಥವಾದಾಗ ಅದರ ಮಜಾ ಎರಡು ಪಟ್ಟಾಗುತ್ತದೆ. ಮುಂದೆ ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ. ಇನ್ನೂ ನೋಡದವರು ಒಮ್ಮೆ ನೋಡಿ ಬಂದು ಓದಿದರೆ ಒಳ್ಳೆಯದು.

ಕಥೆಯ ಹೊರಮೈ ಸರಳ ಗೂಢಚಾರಿ ಕಥೆ. ನಾಯಕ ಅಮೆರಿಕದ ಸಿಐಎ ಏಜೆಂಟ್. ಅವನಿಗೆ ಹೆಸರೇ ಇಲ್ಲ, ಚಿತ್ರದುದ್ದಕ್ಕೂ ಅವನು ಬರೀ ‘ಪ್ರೊಟಾಗನಿಸ್ಟ್’, ಅಂದರೆ ಕಥಾನಾಯಕ. ಜಾನ್ ಡೇವಿಡ್ ವಾಷಿಂಗ್ಟನ್ ಈ ಪಾತ್ರ ಮಾಡಿದ್ದಾರೆ. ಜೊತೆಗಾರ ನೀಲ್ ಆಗಿ ರಾಬರ್ಟ್ ಪ್ಯಾಟಿನ್ಸನ್. ಖಳನಾಯಕ ಆಂಡ್ರೇ ಸೇಟರ್, ರಷ್ಯಾದ ಶಸ್ತ್ರಾಸ್ತ್ರ ವ್ಯಾಪಾರಿ. ಅವನ ಹೆಂಡತಿ ಕ್ಯಾಟ್. ಮುಂಬೈಯಲ್ಲಿ ಕೂತು ಎಲ್ಲರ ಸೂತ್ರ ಹಿಡಿದಿರುವ ಪ್ರಿಯಾ ಆಗಿ ನಮ್ಮ ಡಿಂಪಲ್ ಕಪಾಡಿಯಾ. ಭವಿಷ್ಯದ ಜನ ಸೇಟರ್ ಮೂಲಕ ನಮ್ಮ ಕಾಲದ ಮೇಲೆ ಯುದ್ಧ ಹೂಡಿದ್ದಾರೆ, ಅದನ್ನು ತಡೆಯಬೇಕು. ಇಷ್ಟೇ ಕಥೆ. ಗೊಂದಲ ಇರುವುದು ಕಥೆಯಲ್ಲಲ್ಲ, ಕಾಲ ನಡೆಯುವ ರೀತಿಯಲ್ಲಿ.

ಮೊದಲು ತಲೆಯಿಂದ ತೆಗೆಯಬೇಕಾದ ವಿಷಯ: ಇದು ಟೈಮ್ ಮಷೀನ್ ಚಿತ್ರ ಅಲ್ಲ. ಟೈಮ್ ಮಷೀನ್ ಕಥೆಗಳಲ್ಲಿ ನೀವು ಯಂತ್ರದಲ್ಲಿ ಕೂತು ಗುಂಡಿ ಒತ್ತುತ್ತೀರಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೂರು ವರ್ಷ ಹಿಂದೆ ಇರುತ್ತೀರಿ. ಟೆನೆಟ್‌ನಲ್ಲಿ ಹಾಗೆ ಹಾರುವುದು ಇಲ್ಲವೇ ಇಲ್ಲ. ಅಲ್ಲಿರುವುದು ಟರ್ನ್‌ಸ್ಟೈಲ್ ಎಂಬ ತಿರುಗುವ ಯಂತ್ರ. ಅದರ ಕೆಲಸ ಒಂದೇ, ನೀವು ಕಾಲದಲ್ಲಿ ಸಾಗುವ ದಿಕ್ಕನ್ನು ಉಲ್ಟಾ ಮಾಡುವುದು. ಒಂದು ವಾರ ಹಿಂದೆ ಹೋಗಬೇಕಾದರೆ ಉಲ್ಟಾ ಆಗಿ ಒಂದು ವಾರ ಬದುಕಬೇಕು. ಉಣ್ಣಬೇಕು, ಮಲಗಬೇಕು, ಕಾಯಬೇಕು. ಅದಕ್ಕೇ ನಾಯಕ, ನೀಲ್, ಗಾಯಗೊಂಡ ಕ್ಯಾಟ್ ಮೂವರೂ ಒಂದು ಹಡಗಿನ ಕಂಟೇನರ್ ಒಳಗೆ ದಿನಗಟ್ಟಲೆ ಸುಮ್ನೆ ಬಿದ್ದಿರುತ್ತಾರೆ. ಎಸ್ಟೋನಿಯಾದ ಟ್ಯಾಲಿನ್‌ನಿಂದ ಒಂದು ವಾರ ಹಿಂದಿನ ನಾರ್ವೆಯ ಓಸ್ಲೊಗೆ ಅದೇ ಅವರ ಪ್ರಯಾಣ.

ಇಲ್ಲಿ ಇಡೀ ಚಿತ್ರದ ಕೀಲಿಕೈ ಇದೆ. ಜಗತ್ತಿಗೆ ಯಾವ ದಿಕ್ಕಿನಲ್ಲಿ ಕಂಡರೂ, ಪ್ರತಿಯೊಬ್ಬ ವ್ಯಕ್ತಿಯ ಕೈಯಲ್ಲಿರುವ ಗಡಿಯಾರ ಅವನಿಗೆ ಮುಂದಕ್ಕೇ ಓಡುತ್ತದೆ. ಅವನ ನೆನಪು, ವಯಸ್ಸು, ಹಸಿವು ಎಲ್ಲ ಮುಂದಕ್ಕೇ. ಜಗತ್ತಿನ ಗಡಿಯಾರ ನೋಡುತ್ತಾ ಕೂತರೆ ಕಥೆ ಕೈಗೆ ಸಿಗುವುದಿಲ್ಲ. ಒಬ್ಬರನ್ನು ಆರಿಸಿಕೊಂಡು ಅವರ ಗಡಿಯಾರ ಹಿಡಿದು ನಡೆದರೆ ಯಾವ ಗಂಟೂ ಇಲ್ಲದ ನೇರ ಕಥೆ ಸಿಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ನೀವು ಶುಕ್ರವಾರ ಬೆಳಿಗ್ಗೆ 10ಕ್ಕೆ ಟರ್ನ್‌ಸ್ಟೈಲ್ ಒಳಗೆ ಹೋಗಿ ಉಲ್ಟಾ ಆದಿರಿ. ನಿಮ್ಮ ಕೈಗಡಿಯಾರದಲ್ಲಿ ಒಂದು ಗಂಟೆ ಕಳೆದಾಗ ಗೋಡೆಯ ಗಡಿಯಾರದಲ್ಲಿ ಬೆಳಿಗ್ಗೆ 9 ಆಗಿರುತ್ತದೆ. ಹೀಗೇ ಗುರುವಾರ, ಬುಧವಾರ, ಮಂಗಳವಾರ ದಾಟಿ ಸೋಮವಾರ ಮುಟ್ಟಿದಿರಿ. ಅಲ್ಲಿ ಇನ್ನೊಂದು ಟರ್ನ್‌ಸ್ಟೈಲ್ ಹೊಕ್ಕು ಸರಿದಿಕ್ಕಿಗೆ ತಿರುಗಿದಿರಿ. ಈಗ ಬುಧವಾರದ ದಿನ ಜಗತ್ತಿನಲ್ಲಿ ನೀವು ಎಷ್ಟು ಜನ? ಮೂವರು. ಏನೂ ಗೊತ್ತಿಲ್ಲದೆ ಮೊದಲ ಸಲ ಬುಧವಾರ ಕಳೆಯುತ್ತಿರುವವರು ಒಬ್ಬರು. ಉಲ್ಟಾ ಸಾಗುತ್ತಿರುವವರು ಒಬ್ಬರು. ಎಲ್ಲ ಮುಗಿಸಿ ಮತ್ತೆ ಮುಂದಕ್ಕೆ ಬರುತ್ತಿರುವವರು ಇನ್ನೊಬ್ಬರು. ಮೂವರೂ ನೀವೇ. ನಿಮ್ಮ ಜೀವನದ ಮೂರು ಬೇರೆ ಬೇರೆ ವಾರಗಳು ಅಷ್ಟೇ.

ಈಗ ಪಕ್ಕದಲ್ಲಿ ನಿಂತು ನೋಡುವವರಿಗೆ ಏನು ಕಾಣುತ್ತದೆ? ಸೋಮವಾರದ ಟರ್ನ್‌ಸ್ಟೈಲ್‌ನ ಎರಡೂ ಬದಿಯಿಂದ ಇಬ್ಬರು ಒಟ್ಟಿಗೆ ಹೊರಗೆ ಬಂದ ಹಾಗೆ ಕಾಣುತ್ತದೆ. ಒಬ್ಬ ಸರಿಯಾಗಿ ನಡೆಯುತ್ತಾನೆ, ಇನ್ನೊಬ್ಬ ಬೆನ್ನು ಹಿಂದಾಗಿ ಚಲಿಸುತ್ತಾನೆ. ಶುಕ್ರವಾರ ಇದರ ಉಲ್ಟಾ. ಇಬ್ಬರು ಎರಡು ಬದಿಯಿಂದ ಒಳಗೆ ಹೋಗಿ ಮಾಯವಾಗುತ್ತಾರೆ. ಇಷ್ಟು ತಿಳಿದರೆ ಓಸ್ಲೊ ದೃಶ್ಯ ಬಿಡಿಸಿದಂತೆ.

ಓಸ್ಲೊ ವಿಮಾನ ನಿಲ್ದಾಣದ ಗೋದಾಮಿಗೆ ನಾಯಕ ಮತ್ತು ನೀಲ್ ನುಗ್ಗುತ್ತಾರೆ. ಒಳಗೆ ಟರ್ನ್‌ಸ್ಟೈಲ್ ಇದೆ. ಗಾಜಿನಲ್ಲಿ ಗುಂಡೇಟಿನ ತೂತುಗಳಿವೆ, ಆದರೆ ಯಾರೂ ಇನ್ನೂ ಗುಂಡು ಹಾರಿಸಿಲ್ಲ. ಇದ್ದಕ್ಕಿದ್ದಂತೆ ಮುಖವಾಡ ಹಾಕಿದ ಇಬ್ಬರು ಹೊರಗೆ ಬರುತ್ತಾರೆ. ಒಬ್ಬ ಓಡುತ್ತಾನೆ, ನೀಲ್ ಅಟ್ಟಿಸಿಕೊಂಡು ಹೋಗಿ ಮುಖವಾಡ ಕಿತ್ತು ನೋಡಿ ಬಿಟ್ಟುಬಿಡುತ್ತಾನೆ. ಇನ್ನೊಬ್ಬ ವಿಚಿತ್ರವಾಗಿ ಹಿಮ್ಮುಖವಾಗಿ ಚಲಿಸುತ್ತಾ ನಾಯಕನ ಜೊತೆ ಹೊಡೆದಾಡುತ್ತಾನೆ. ಚಿತ್ರದ ಉತ್ತರಾರ್ಧದಲ್ಲಿ ಗೊತ್ತಾಗುತ್ತದೆ, ಆ ಇಬ್ಬರೂ ನಾಯಕನೇ. ಒಂದು ವಾರ ಉಲ್ಟಾ ಬದುಕಿ ಓಸ್ಲೊಗೆ ಬಂದ ನಾಯಕ ಮೊದಲು ತನ್ನ ಹಳೆಯ ರೂಪದ ಜೊತೆ ಹೊಡೆದಾಡಿ, ಟರ್ನ್‌ಸ್ಟೈಲ್ ಹೊಕ್ಕು, ಸರಿದಿಕ್ಕಿಗೆ ತಿರುಗಿ ಆಚೆ ಬದಿಯಿಂದ ಓಡಿಹೋಗುತ್ತಾನೆ. ನೀಲ್ ಮುಖವಾಡ ಕಿತ್ತು ನೋಡಿದ್ದು ಅವನನ್ನೇ.

ಈ ಹೊಡೆದಾಟದಲ್ಲಿ ನನಗೆ ಅತಿ ಇಷ್ಟವಾದ ವಿವರ ಒಂದಿದೆ. ಮೊದಲ ಸಲ ನೋಡುವಾಗ ನಾಯಕ ಎದುರಾಳಿಯ ತೋಳಿಗೆ ಚುಚ್ಚುತ್ತಾನೆ. ಎರಡನೇ ಸಲ, ಉಲ್ಟಾ ಬರುತ್ತಿರುವ ನಾಯಕನಿಗೆ ಹೊಡೆದಾಟಕ್ಕೂ ಮುಂಚೆಯೇ ತೋಳು ನೋಯಲು ಶುರುವಾಗುತ್ತದೆ, ರಕ್ತ ಬರುತ್ತದೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಚುಚ್ಚಿದವನು ಸರಿದಿಕ್ಕಿನಲ್ಲಿದ್ದ, ಹಾಗಾಗಿ ಗಾಯವೂ ಜಗತ್ತಿನ ದಿಕ್ಕಿನಲ್ಲಿ ಇದೆ. ಉಲ್ಟಾ ಇರುವವನಿಗೆ ಗಾಯ ಮೊದಲು, ಏಟು ಆಮೇಲೆ. ಇದನ್ನು ಯಾರೂ ಮಾತಿನಲ್ಲಿ ವಿವರಿಸುವುದಿಲ್ಲ. ಗಮನಿಸಿದವರಿಗೆ ಮಾತ್ರ ಸಿಗುತ್ತದೆ.

ಇದರ ಹಿಂದಿರುವ ವಿಜ್ಞಾನ ಎಂಟ್ರೊಪಿ. ಕಾಫಿ ಡಿಕಾಕ್ಷನ್‌ಗೆ ಹಾಲು ಹಾಕಿದರೆ ಬೆರೆಯುತ್ತದೆ. ಬೆರೆತ ಕಾಫಿ ತಾನಾಗಿ ಹಾಲು ಬೇರೆ, ಡಿಕಾಕ್ಷನ್ ಬೇರೆ ಆಗಿದ್ದನ್ನು ಯಾರೂ ನೋಡಿಲ್ಲ. ಆಶ್ಚರ್ಯದ ಸಂಗತಿ ಏನೆಂದರೆ, ಒಂದೊಂದು ಅಣುವಿನ ಚಲನೆಯನ್ನು ಬೇರೆ ಬೇರೆಯಾಗಿ ನೋಡಿದರೆ ಅದು ಮುಂದಕ್ಕೂ ಹಿಂದಕ್ಕೂ ಒಂದೇ ಥರ ಸರಿ ಹೋಗುತ್ತದೆ. ಭೌತಶಾಸ್ತ್ರದ ಮೂಲ ನಿಯಮಗಳಿಗೆ ಕಾಲದ ದಿಕ್ಕು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಹಾಗಾದರೆ ಬೆರೆತ ಕಾಫಿ ಯಾಕೆ ಬೇರೆಯಾಗುವುದಿಲ್ಲ?

19ನೇ ಶತಮಾನದಲ್ಲಿ ವಿಯೆನ್ನಾದ ಭೌತವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್ ಇದಕ್ಕೆ ಉತ್ತರ ಕೊಟ್ಟರು. ಅದು ಸಾಧ್ಯತೆಗಳ ಲೆಕ್ಕ. ಒಂದು ಕಟ್ಟು ಇಸ್ಪೀಟಿನಲ್ಲಿ 52 ಎಲೆ. ಅವನ್ನು ಜೋಡಿಸುವ ಬೇರೆ ಬೇರೆ ಕ್ರಮಗಳು ಸುಮಾರು 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಅದರಲ್ಲಿ ಅಚ್ಚುಕಟ್ಟಾಗಿ ಎಕ್ಕದಿಂದ ರಾಜನವರೆಗೆ ಜೋಡಿಸಿದ ಕ್ರಮಗಳು ಬೆರಳೆಣಿಕೆ. ಕಲಸುತ್ತಾ ಹೋದರೆ ಎಲೆಗಳು ಅಸ್ತವ್ಯಸ್ತವೇ ಆಗುತ್ತವೆ, ಯಾಕೆಂದರೆ ಅಸ್ತವ್ಯಸ್ತವಾಗಿರುವ ದಾರಿಗಳೇ ಜಾಸ್ತಿ. ಒಂದು ಲೋಟ ಕಾಫಿಯಲ್ಲಿ ಅಣುಗಳನ್ನು ಜೋಡಿಸುವ ದಾರಿಗಳು ಇದಕ್ಕಿಂತಲೂ ಎಷ್ಟೋ ಪಟ್ಟು ಜಾಸ್ತಿ. ಈ ಅಸ್ತವ್ಯಸ್ತತೆಯ ಅಳತೆಯೇ ಎಂಟ್ರೊಪಿ. ಹೊರಗಿನಿಂದ ಯಾರೂ ಕೈ ಹಾಕದೆ ಬಿಟ್ಟರೆ ಅದು ಕಡಿಮೆಯಾಗುವುದಿಲ್ಲ. ಶಾಖ, ಶಕ್ತಿಗಳ ಶಾಸ್ತ್ರವಾದ ಥರ್ಮೊಡೈನಮಿಕ್ಸ್‌ನ ಎರಡನೇ ನಿಯಮ ಹೇಳುವುದು ಇದನ್ನೇ. ನಮಗೆ ನಿನ್ನೆ ಯಾವುದು, ನಾಳೆ ಯಾವುದು ಅಂತ ಗೊತ್ತಾಗುವುದೇ ಇದರಿಂದ. ಬೋಲ್ಟ್ಸ್‌ಮನ್ ಅವರ ಸಮಾಧಿಯ ಮೇಲೆ ಇವತ್ತಿಗೂ ಎಂಟ್ರೊಪಿಯ ಸೂತ್ರ ಕೆತ್ತಿದೆ.

ನೋಲನ್ ಮಾಡಿದ ಕಲ್ಪನೆ ಇಷ್ಟು: ಒಂದು ವಸ್ತುವಿನ ಎಂಟ್ರೊಪಿಯನ್ನೇ ಉಲ್ಟಾ ಮಾಡಿಬಿಟ್ಟರೆ? ಆಗ ಅದಕ್ಕೆ ನಮ್ಮ ನಾಳೆಯೇ ನಿನ್ನೆ. ಗೋಡೆಯಲ್ಲಿ ನಾಟಿದ ಗುಂಡು ಬಂದೂಕಿಗೆ ವಾಪಸ್ ಬರುತ್ತದೆ. ಇಂಥದ್ದನ್ನು ಯಾರೂ ಪ್ರಯೋಗಾಲಯದಲ್ಲಿ ಮಾಡಿಲ್ಲ, ಮಾಡುವ ದಾರಿಯೂ ಗೊತ್ತಿಲ್ಲ. 2017ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಕಿಪ್ ಥಾರ್ನ್ ಚಿತ್ರಕಥೆ ಓದಿದ್ದರು. ಹಾಗಿದ್ದರೂ ಚಿತ್ರ ವೈಜ್ಞಾನಿಕವಾಗಿ ಕರಾರುವಾಕ್ಕು ಅಂತ ನೋಲನ್ ಎಲ್ಲೂ ಹೇಳಿಕೊಳ್ಳಲಿಲ್ಲ.

ಪೂರ್ತಿ ಗಾಳಿಯಲ್ಲಿ ಕಟ್ಟಿದ್ದೂ ಅಲ್ಲ. ಚಿತ್ರದಲ್ಲಿ ನೀಲ್ ಭೌತವಿಜ್ಞಾನಿಗಳಾದ ಫೈನ್‌ಮನ್ ಮತ್ತು ವೀಲರ್ ಹೆಸರು ಎತ್ತುತ್ತಾನೆ. ಪಾಸಿಟ್ರಾನ್ ಎಂಬ ಕಣವನ್ನು ಕಾಲದಲ್ಲಿ ಹಿಂದಕ್ಕೆ ಸಾಗುವ ಎಲೆಕ್ಟ್ರಾನ್ ಅಂತ ಲೆಕ್ಕ ಹಾಕಬಹುದು ಅನ್ನುವುದು ಅವರಿಂದ ಬಂದ ನಿಜವಾದ ವಿಚಾರ. ಫೈನ್‌ಮನ್ 1949ರ ಪ್ರಬಂಧದಲ್ಲಿ ಅದನ್ನು ಬರೆದರು. ಪಾಸಿಟ್ರಾನ್ ಬರೀ ಕಾಗದದ ಕಣವಲ್ಲ, ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನ್ ನಡೆಯುವುದೇ ಅದರಿಂದ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸಂಧಿಸಿದರೆ ಎರಡೂ ನಾಶವಾಗಿ ಗಾಮಾ ಕಿರಣ ಹೊರಬರುತ್ತದೆ. ಉಲ್ಟಾ ಆದವನು ತನ್ನದೇ ಇನ್ನೊಂದು ರೂಪವನ್ನು ಮೈಗೆ ಮೈ ತಾಗಿಸಿದರೆ ನಾಶ ಅಂತ ಚಿತ್ರದಲ್ಲಿ ಒಂದು ನಿಯಮ ಇದೆಯಲ್ಲ, ಅದರ ಬೇರು ಇಲ್ಲಿದೆ.

ಉಲ್ಟಾ ಆದವರಿಗೆ ಇನ್ನೂ ಕೆಲವು ನಿಯಮಗಳಿವೆ. ಮಾಮೂಲಿ ಗಾಳಿ ಅವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಅದಕ್ಕೇ ಆಮ್ಲಜನಕದ ಮಾಸ್ಕ್. ನೋಡುಗರಿಗೂ ಇದು ದೊಡ್ಡ ಸಹಾಯ, ಮುಖಕ್ಕೆ ಮಾಸ್ಕ್ ಇದ್ದರೆ ಅವನು ಬಹುತೇಕ ಉಲ್ಟಾ ಇದ್ದಾನೆ ಅಂತ ಲೆಕ್ಕ. ಬೆಂಕಿಯ ಶಾಖವೂ ಉಲ್ಟಾ. ಟ್ಯಾಲಿನ್‌ನಲ್ಲಿ ಕಾರಿಗೆ ಬೆಂಕಿ ಹತ್ತಿದಾಗ ನಾಯಕ ಸುಟ್ಟುಹೋಗುವ ಬದಲು ಚಳಿಗೆ ಹೆಪ್ಪುಗಟ್ಟುತ್ತಾನೆ. ಬಣ್ಣವನ್ನೂ ಗಮನಿಸಿ: ಕೆಂಪು ಅಂದರೆ ಸರಿದಿಕ್ಕು, ನೀಲಿ ಅಂದರೆ ಉಲ್ಟಾ. ಟ್ಯಾಲಿನ್‌ನ ಟರ್ನ್‌ಸ್ಟೈಲ್ ಕೋಣೆಯಿಂದ ಹಿಡಿದು ಕೊನೆಯ ಯುದ್ಧದ ತನಕ ಈ ಬಣ್ಣಗಳೇ ದಾರಿ ತೋರಿಸುತ್ತವೆ.

ಆ ಕೊನೆಯ ಯುದ್ಧ ಸ್ಟಾಲ್ಸ್ಕ್-12 ಎಂಬ ಪಾಳುಬಿದ್ದ ಸೋವಿಯತ್ ಊರಿನಲ್ಲಿ ನಡೆಯುತ್ತದೆ. ಊರು ಕಾಲ್ಪನಿಕ, ಚಿತ್ರೀಕರಣ ಆಗಿದ್ದು ಕ್ಯಾಲಿಫೋರ್ನಿಯಾದ ಈಗಲ್ ಮೌಂಟನ್‌ನ ಮುಚ್ಚಿಹೋದ ಗಣಿಯಲ್ಲಿ. ಭವಿಷ್ಯದಲ್ಲಿ ಒಬ್ಬ ವಿಜ್ಞಾನಿ ಇಡೀ ಜಗತ್ತನ್ನೇ ಉಲ್ಟಾ ಮಾಡುವ ಸಾಧನ ಕಂಡುಹಿಡಿದು, ಅದಕ್ಕೆ ತಾನೇ ಹೆದರಿ, 9 ತುಂಡು ಮಾಡಿ ನಮ್ಮ ಕಾಲದಲ್ಲಿ ಬಚ್ಚಿಟ್ಟಿದ್ದಾಳೆ. ಸೇಟರ್ ಅವನ್ನೆಲ್ಲ ಸೇರಿಸಿದ್ದಾನೆ. ಇಲ್ಲಿ ಒಂದು ಸ್ಫೋಟವಾಗಿ ಆ ಸಾಧನ ನೆಲದಲ್ಲಿ ಹೂತುಹೋಗಬೇಕು, ಭವಿಷ್ಯದವರು ಅಗೆದು ತೆಗೆದುಕೊಳ್ಳಬೇಕು, ಅದು ಅವನ ಯೋಜನೆ. ಭವಿಷ್ಯದವರಿಗೆ ನಮ್ಮ ಮೇಲೆ ಯಾಕೆ ಇಷ್ಟು ಸಿಟ್ಟು? ಸಮುದ್ರ ಉಕ್ಕಿದೆ, ನದಿ ಬತ್ತಿದೆ, ಅದಕ್ಕೆ ಕಾರಣ ನಾವು. ಚಿತ್ರ ಇದನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತದೆ. ನನಗೆ ಇದು ಇನ್ನೂ ಜಾಸ್ತಿ ಹೊತ್ತು ಬೇಕಿತ್ತು ಅನಿಸುತ್ತದೆ, ಯಾಕೆಂದರೆ ಈ ಸಿಟ್ಟು ನ್ಯಾಯವಾದದ್ದು.

ಯುದ್ಧದ ತಂತ್ರವನ್ನು ಕಾಲದ ಇಕ್ಕಳ ಅನ್ನಬಹುದು. ಕೆಂಪು ಪಡೆ ಸ್ಫೋಟಕ್ಕೆ 10 ನಿಮಿಷ ಮುಂಚೆ ಇಳಿದು ಸ್ಫೋಟದ ಕಡೆಗೆ ಸಾಗುತ್ತದೆ. ನೀಲಿ ಪಡೆ ಸ್ಫೋಟದ ಕ್ಷಣದಿಂದ ಶುರು ಮಾಡಿ 10 ನಿಮಿಷ ಹಿಂದಕ್ಕೆ ಸಾಗುತ್ತದೆ. ಪರೀಕ್ಷೆ ಬರೆದು ಬಂದವರು ಒಳಗೆ ಹೋಗುವವರಿಗೆ ಪ್ರಶ್ನೆ ಹೇಳಿಕೊಟ್ಟ ಹಾಗೆ, ಮುಂದೆ ಏನಾಗುತ್ತದೆ ಅಂತ ಕಂಡವರ ಮಾಹಿತಿ ಇನ್ನೊಂದು ಪಡೆಗೆ ಸಿಗುತ್ತದೆ. ಒಂದೇ ಕಟ್ಟಡ ಕೆಳಗಿನಿಂದ ಮತ್ತೆ ಕೂಡಿಕೊಳ್ಳುತ್ತಾ ಮೇಲಿನಿಂದ ಒಡೆಯುವ ದೃಶ್ಯ ಇದೆಯಲ್ಲ, ಅಲ್ಲಿ ಎರಡು ಪಡೆಗಳೂ ಒಟ್ಟಿಗೆ ಅದಕ್ಕೆ ಹೊಡೆದಿವೆ.

ಈ 10 ನಿಮಿಷದಲ್ಲಿ ಹಿಡಿಯಬೇಕಾದ್ದು ನೀಲ್‌ನ ಗಡಿಯಾರ. ಅವನು ನೀಲಿ ಪಡೆಯ ಜೊತೆ ಉಲ್ಟಾ ಶುರು ಮಾಡುತ್ತಾನೆ. ಸುರಂಗದ ಬಾಯಲ್ಲಿ ಶತ್ರು ಬಾಂಬ್ ಇಟ್ಟದ್ದು ಅವನ ಕಣ್ಣಿಗೆ ಬೀಳುತ್ತದೆ. ಯುದ್ಧದ ನಡುವೆಯೇ ಟರ್ನ್‌ಸ್ಟೈಲ್ ಹೊಕ್ಕು ಸರಿದಿಕ್ಕಿಗೆ ತಿರುಗಿ, ಗಾಡಿ ಓಡಿಸಿಕೊಂಡು ಬಂದು ಹಾರ್ನ್ ಹೊಡೆದು ನಾಯಕನನ್ನು ಎಚ್ಚರಿಸಲು ನೋಡುತ್ತಾನೆ. ಅದು ಆಗದಿದ್ದಾಗ ಮೇಲಿನಿಂದ ಹಗ್ಗ ಇಳಿಬಿಟ್ಟು ನಾಯಕನನ್ನೂ ಅವನ ಜೊತೆಗಿದ್ದವನನ್ನೂ ಹೊರಗೆ ಎಳೆಯುತ್ತಾನೆ. ಎಲ್ಲ ಮುಗಿಯಿತು ಅಂದುಕೊಳ್ಳುವಾಗ ವಿದಾಯ ಹೇಳಿ ಮತ್ತೆ ಉಲ್ಟಾ ಆಗಲು ಹೊರಡುತ್ತಾನೆ. ಯಾಕೆಂದರೆ ಸುರಂಗದೊಳಗಿನ ಬೀಗ ತೆಗೆಯಲು ಒಬ್ಬ ಬೇಕಿತ್ತು, ಆ ಕೆಲಸ ಅವನದೇ. ಗೇಟಿನ ಆಚೆ ಸತ್ತು ಬಿದ್ದಿದ್ದ, ನಾಯಕನಿಗೆ ತಾಗಬೇಕಿದ್ದ ಗುಂಡಿಗೆ ಅಡ್ಡ ಬಂದ ಮುಖವಾಡದ ಸೈನಿಕ ನೀಲ್. ಅವನ ಬ್ಯಾಗಿನಲ್ಲಿರುವ ಕೆಂಪು ದಾರ ಅದನ್ನು ಹೇಳುತ್ತದೆ. ಅದೇ ಕೆಂಪು ದಾರ ಚಿತ್ರದ ಮೊದಲ ದೃಶ್ಯದಲ್ಲಿ, ಕೀವ್ ಒಪೆರಾದಲ್ಲಿ ನಾಯಕನನ್ನು ಕಾಪಾಡಿದವನ ಬ್ಯಾಗಿನಲ್ಲೂ ಇದೆ.

ನೀಲ್ ಬಂದದ್ದು ಭವಿಷ್ಯದಿಂದ. ಅವನನ್ನು ಕೆಲಸಕ್ಕೆ ಸೇರಿಸಿದವನು, ಭವಿಷ್ಯದವರ ಈ ಯುದ್ಧವನ್ನು ತಡೆಯುವ ಟೆನೆಟ್ ಎಂಬ ಗುಪ್ತ ಸಂಸ್ಥೆಯನ್ನೇ ಕಟ್ಟಿದವನು ನಾಯಕ, ಇನ್ನೂ ಬರಬೇಕಾದ ವರ್ಷಗಳಲ್ಲಿ. ಹಾಗಾಗಿ ಒಂದು ಗೆಳೆತನ ಇಬ್ಬರಿಗೂ ಎರಡು ತುದಿಯಿಂದ ಶುರುವಾಗುತ್ತದೆ. ಮುಂಬೈಯಲ್ಲಿ ಮೊದಲ ಭೇಟಿಯಲ್ಲೇ ನೀಲ್ ನಾಯಕನಿಗೆ ಕೇಳದೆಯೇ ಡಯಟ್ ಕೋಕ್ ಹೇಳುತ್ತಾನೆ. ಕೆಲಸದಲ್ಲಿರುವಾಗ ಇವನು ಕುಡಿಯುವುದಿಲ್ಲ ಅಂತ ಅವನಿಗೆ ವರ್ಷಗಳಿಂದ ಗೊತ್ತು. ಭೌತಶಾಸ್ತ್ರ ಎಲ್ಲ ಬದಿಗಿಟ್ಟರೂ ಈ ಚಿತ್ರ ನನ್ನನ್ನು ಹಿಡಿದಿಡುವುದು ನೀಲ್‌ನಿಂದ. ತಾನು ಗೇಟಿನ ಬಳಿ ಹೋಗಲೇಬೇಕು ಅಂತ ತಿಳಿದೂ ಅವನು ಹೋಗುತ್ತಾನೆ.

ಇಲ್ಲಿ ಅವನ ಮಾತು ಮುಖ್ಯ: ಆಗಿದ್ದು ಆಗಿದೆ. ನಮ್ಮ ಕಡೆ ಇದನ್ನು ಕೇಳಿದ ತಕ್ಷಣ ಹಣೆಬರಹ ಅಂದುಬಿಡುತ್ತೇವೆ. ಚಿತ್ರ ಹೇಳುವುದು ಅದಲ್ಲ. ಟೆನೆಟ್‌ನಲ್ಲಿ ಹಿಂದೆ ಹೋಗಿ ಏನನ್ನೂ ಬದಲಿಸಲು ಬರುವುದಿಲ್ಲ. ಹಿಂದೆ ಹೋದವನು ಮಾಡಿದ್ದೆಲ್ಲ ಆಗಲೇ ಸೇರಿ ಆಗಿರುವುದೇ ಆ ಘಟನೆ. ಆದರೆ ಅವನು ಮಾಡದಿದ್ದರೆ ಅದು ಆಗುವುದೂ ಇಲ್ಲ. ಸುಮ್ನೆ ಕೂರಲು ಇದು ನೆಪವಲ್ಲ ಅಂತ ನೀಲ್ ಸ್ಪಷ್ಟವಾಗಿಯೇ ಹೇಳುತ್ತಾನೆ.

ಎಲ್ಲವೂ ಸರಿಯಾಗಿ ಕೂರುತ್ತದೆಯೇ? ಇಲ್ಲ. ಗಾಳಿಯ ಬಗ್ಗೆ ಅಷ್ಟು ಯೋಚಿಸಿದ ಚಿತ್ರ ಬೆಳಕಿನ ಬಗ್ಗೆ ಮೌನವಾಗಿದೆ. ಉಲ್ಟಾ ಆದವನಿಗೆ ಬೆಳಕು ಕಣ್ಣಿನೊಳಗೆ ಬರುವ ಬದಲು ಕಣ್ಣಿನಿಂದ ಹೊರಗೆ ಹೋಗಬೇಕು. ಅಂದರೆ ಅವನಿಗೆ ಏನೂ ಕಾಣಬಾರದು. ಆ ನಿಯಮ ಹಾಕಿದರೆ ಚಿತ್ರವೇ ಇಲ್ಲ, ಹಾಗಾಗಿ ಬಿಟ್ಟಿದ್ದಾರೆ. ಗೋಡೆಯೊಳಗಿನ ಉಲ್ಟಾ ಗುಂಡು ಇನ್ನೊಂದು ತೊಡಕು. ಆ ಗೋಡೆ ಕಟ್ಟುವಾಗಲೇ ಗುಂಡು ಅದರಲ್ಲಿ ಇತ್ತಾ? ಚಿತ್ರದಲ್ಲಿ ಇದಕ್ಕೆ ಗಟ್ಟಿ ಉತ್ತರ ನನಗೆ ಕಾಣಲಿಲ್ಲ. ಇವು ನನ್ನ ಖುಷಿಯನ್ನು ಕೆಡಿಸುವುದಿಲ್ಲ. ಬೇಸರ ತರುವುದು ಧ್ವನಿ. ಮಾಸ್ಕ್ ಹಾಕಿಕೊಂಡು, ಎಂಜಿನ್ ಸದ್ದಿನ ನಡುವೆ, ಜೋರು ಸಂಗೀತದ ಕೆಳಗೆ ಪಾತ್ರಗಳು ಮುಖ್ಯ ವಿಷಯ ಹೇಳುತ್ತವೆ. ಅರ್ಧ ಗೊಂದಲ ಕಥೆಯಿಂದ ಬಂದದ್ದಲ್ಲ, ಮಾತು ಕೇಳಿಸದೆ ಬಂದದ್ದು.

ಮೆಚ್ಚಬೇಕಾದ್ದು ಚಿತ್ರೀಕರಣದ ಶ್ರಮ. ಓಸ್ಲೊ ದೃಶ್ಯದ ಬೋಯಿಂಗ್ 747 ನಿಜವಾದ ವಿಮಾನ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ನಲ್ಲಿ ಅದನ್ನು ನಿಜವಾಗಿಯೂ ಕಟ್ಟಡಕ್ಕೆ ನುಗ್ಗಿಸಿದರು. ಹೊಡೆದಾಟಗಳನ್ನು ನಟರು ಮುಂದಕ್ಕೂ ಹಿಂದಕ್ಕೂ ಕಲಿತರು. ಬರೀ ಫಿಲ್ಮ್ ಉಲ್ಟಾ ಓಡಿಸಿದರೆ ಸಾಲುತ್ತಿರಲಿಲ್ಲ, ಯಾಕೆಂದರೆ ಒಂದೇ ಫ್ರೇಮಿನಲ್ಲಿ ಒಬ್ಬ ಸರಿದಿಕ್ಕು, ಇನ್ನೊಬ್ಬ ಉಲ್ಟಾ. ಹಾಗಾಗಿ ಇಬ್ಬರಲ್ಲಿ ಒಬ್ಬ ನಿಜವಾಗಿಯೂ ಹಿಮ್ಮುಖವಾಗಿ ನಟಿಸಲೇಬೇಕು. ಈ ಚಿತ್ರಕ್ಕೆ 2021ರಲ್ಲಿ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಲುಡ್ವಿಗ್ ಗೋರಾನ್ಸನ್ ಅವರ ಸಂಗೀತದಲ್ಲೂ ಹಿಂದುಮುಂದಿನ ಆಟ ಇದೆ. ಹೆಸರೂ ಹಾಗೆಯೇ. ನಮ್ಮ ವಿಕಟಕವಿಯಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಕಡೆಯಿಂದ ಓದಿದರೂ ಟೆನೆಟ್ ಟೆನೆಟ್ಟೇ. ಪಾಂಪೆಯ ಅವಶೇಷಗಳಲ್ಲೂ ಸಿಕ್ಕಿರುವ ಒಂದು ಹಳೆಯ ಲ್ಯಾಟಿನ್ ಅಕ್ಷರಚೌಕದ ಐದು ಪದಗಳು ಸೇಟರ್, ಅರೆಪೊ, ಟೆನೆಟ್, ಒಪೆರಾ, ರೋಟಾಸ್. ಖಳನ ಹೆಸರು, ನಕಲಿ ವರ್ಣಚಿತ್ರ ಬರೆದವನ ಹೆಸರು, ಸಂಸ್ಥೆ, ಮೊದಲ ದೃಶ್ಯದ ಜಾಗ, ಸೇಟರ್‌ನ ಕಂಪನಿ, ಐದೂ ಚಿತ್ರದಲ್ಲಿವೆ.

ಎರಡನೇ ಸಲ ನೋಡುವವರಿಗೆ ನನ್ನ ಸಲಹೆ: ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಪಕ್ಕದಲ್ಲಿ ಒಂದು ಕಾಗದ ಇಟ್ಟುಕೊಂಡು ಅಡ್ಡಗೆರೆ ಎಳೆಯಿರಿ. ಎಡತುದಿಗೆ ಕೀವ್ ಒಪೆರಾ ನಡೆದ 14ನೇ ತಾರೀಖು. ಸ್ಟಾಲ್ಸ್ಕ್-12 ಯುದ್ಧವೂ, ವಿಯೆಟ್ನಾಂನಲ್ಲಿ ಸೇಟರ್‌ನ ಹಡಗಿನ ಮೇಲೆ ಕ್ಯಾಟ್ ನಡೆಸುವ ಘಟನೆಯೂ ಅದೇ ದಿನದ್ದು. ಬಲಕ್ಕೆ ಹೋಗುತ್ತಾ ಮುಂಬೈ, ಓಸ್ಲೊ, ಟ್ಯಾಲಿನ್ ಬರೆಯಿರಿ. ನಾಯಕ ಎಡದಿಂದ ಹೊರಟು ಟ್ಯಾಲಿನ್‌ನಲ್ಲಿ ತಿರುಗಿ, ಓಸ್ಲೊದಲ್ಲಿ ಸರಿದಿಕ್ಕಿಗೆ ಬಂದು, ಮತ್ತೆ ತಿರುಗಿ 14ಕ್ಕೆ ವಾಪಸಾಗುತ್ತಾನೆ. ಆಮೇಲೆ ಕ್ಯಾಟ್‌ಗೆ ಬೇರೆ ಬಣ್ಣದ ಪೆನ್ನು ಹಿಡಿಯಿರಿ. ಆ ದಿನ ಹಡಗಿನಿಂದ ನೀರಿಗೆ ಧುಮುಕಿದ ಯಾವಳೋ ಹೆಂಗಸನ್ನು ಕಂಡು, ಅವಳ ಸ್ವಾತಂತ್ರ್ಯ ನನಗಿಲ್ಲವಲ್ಲ ಅಂತ ಹೊಟ್ಟೆಕಿಚ್ಚು ಪಟ್ಟಿದ್ದನ್ನು ಅವಳು ನಾಯಕನಿಗೆ ಹೇಳುತ್ತಾಳೆ. ಕ್ಯಾಟ್‌ಳ ಗೆರೆ ಎಳೆದು ಮುಗಿಸಿದಾಗ ಧುಮುಕಿದವಳು ಯಾರು ಅಂತ ನಿಮ್ಮ ಕಾಗದದಲ್ಲೇ ಸಿಗುತ್ತದೆ.